ಸ್ಟೀರಿಂಗಿಗೆ ಭಾರ ಬೇಡ, ಮಾತು ಬೇಕು

ಇದು ಕಾರಿನ ಬಗ್ಗೆ ಬರೆದದ್ದು. ಕಾರು ಅಂದ ಕೂಡಲೇ ಆಕಳಿಸುವವರು ಸ್ವಲ್ಪ ತಡೀರಿ. ನಡುವೆ ನಮ್ಮ ಗದಗಿನ ಎರಿ ಮಣ್ಣು, ಮಾವನ ಟ್ರ್ಯಾಕ್ಸು, ಒಂದು ಕುರಿ ಹಿಂಡು ಎಲ್ಲಾ ಬರುತ್ತೆ :-)

ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡಿನಲ್ಲಿ ದೊಡ್ಡ ಕಾರು ತಗೊಂಡಿದ್ದ. ಆರು ಸಿಲಿಂಡರ್, ತೊಗಲಿನ ಸೀಟು, ಒತ್ತಿದರೆ ಬೆನ್ನು ಸೀಟಿಗೆ ಅಂಟುವಂಥ ಎಂಜಿನ್ನು. ಯಾವ ಕಂಪನಿ ಅಂತ ಹೇಳೋದಿಲ್ಲ, ಅದು ಮುಖ್ಯವೂ ಅಲ್ಲ. ಬೆಂಗಳೂರಿಂದ ಊರಿಗೆ ಬಂದಿದ್ವಿ. ಶ್ರಾವಣದ ಮಳೆ ಹಿಡಿದಿತ್ತು. "ನಿಮ್ಮ ಕಡೆ ರಸ್ತೆ ತೋರಿಸು" ಅಂದ. ಸರಿ, ಬೆಳಿಗ್ಗೆ ಗದಗ ಬಿಟ್ಟು ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಅಲ್ಲಿಂದ ಕಪ್ಪತಗುಡ್ಡದ ಸಾಲು ದಾಟಿ ಮುಂಡರಗಿ, ವಾಪಸ್ ಡಂಬಳದ ಮೇಲೆ ಗದಗ ಅಂತ ಒಂದು ಸುತ್ತು ಹಾಕೋ ಯೋಜನೆ. ಹಿಂದಿನ ಸೀಟಿನಲ್ಲಿ ನಮ್ಮ ಸೋದರಮಾವ. ಇಪ್ಪತ್ತು ವರ್ಷ ಲಕ್ಷ್ಮೇಶ್ವರ-ಗದಗ ನಡುವೆ ಟ್ರ್ಯಾಕ್ಸ್ ಹೊಡೆದ ಮನುಷ್ಯ.

ಶಿರಹಟ್ಟಿ ದಾಟೋವರೆಗೆ ಎಲ್ಲಾ ಚೆನ್ನಾಗಿತ್ತು. ಸ್ಟೀರಿಂಗ್ ನನ್ನ ಕೈಲಿ. ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗ್ತಾ ಇದ್ವು, ಮೋಡ ಕೆಳಗೆ ಇಳಿದಿತ್ತು. ಮಸಾರಿ ಮಣ್ಣು ಮುಗಿದು ಎರಿ ಶುರುವಾದ ಕಡೆ ಒಂದು ತಿರುವು. ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರುಗಳು ಗಾಲಿಗೆ ಅಂಟಿದ ಎರಿ ಮಣ್ಣನ್ನೆಲ್ಲ ಡಾಂಬರಿನ ಮೇಲೆ ಬಿಟ್ಟು ಹೋಗಿದ್ದವು. ಮೇಲೆ ಸಣ್ಣ ಮಳೆ. ನಾನು ಸ್ಟೀರಿಂಗ್ ತಿರುಗಿಸಿದೆ. ಕೈಗೆ ಎಲ್ಲಾ ಮೊದಲಿನ ಹಾಗೇ ಇತ್ತು. ಅದೇ ಬೆಣ್ಣೆ, ಅದೇ ತೂಕ. ಆದರೆ ಕಾರು ಮಾತ್ರ ನೇರ ಹೋಗ್ತಾ ಇತ್ತು....

ಎದುರಿಗೆ ಕುರಿ ಹಿಂಡು.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು, ಯಾವುದೋ ಒಂದು ಗಾಲಿಗೆ ತಾನೇ ಬ್ರೇಕ್ ಬಿತ್ತು, ಕಾರು ಕೊಸರಾಡಿ ತಿರುಗಿತು. ಕುರಿಗಳಿಗೂ ನಮಗೂ ನಡುವೆ ಉಳಿದದ್ದು ಎರಡು ಮಾರು ಅಷ್ಟೇ. ಕುರಿ ಕಾಯೋ ಹುಡುಗ ನಮ್ಮನ್ನೇ ನೋಡ್ತಾ ನಿಂತುಬಿಟ್ಟ. ಬೈಯಲೂ ಇಲ್ಲ. ಬೈದಿದ್ದರೆ ಸಮಾಧಾನ ಆಗ್ತಿತ್ತು.

ಗಾಡಿ ನಿಲ್ಲಿಸಿದ ಮೇಲೆ ಮಾವ ಕೇಳಿದ್ದು ಒಂದೇ ಮಾತು: "ಕೈ ಹಗರ ಆಗಲಿಲ್ಲೇನು?"

ಇಲ್ಲ ಮಾಮಾ ಅಂದೆ.

"ನೆಲ ಕೈ ಬಿಡೂಕಿಂತ ಮೊದಲ ಸ್ಟೇರಿಂಗ ಹಗರ ಆಗಬೇಕಲೇ. ಆವಾಗ ಕಾಲು ತಗೀತೀವಿ. ಅದಕ್ಕ ಅಲ್ಲೇನು ಅದನ್ನ ಹಿಡಕೊಂಡು ಕುಂತಿರೂದು?"

ಅಲ್ಲಿಂದ ಮುಂಡರಗಿವರೆಗೆ ಮಾವನೇ ಓಡಿಸಿದ. ಇಳಿದ ಮೇಲೆ ಬಾಗಿಲು ಮೆತ್ತಗೆ ಹಾಕಿ, "ಗಾಡಿ ಭಾಳ ಚಲೋ ಐತಿ. ಆದ್ರ ಮಾತಾಡೂದಿಲ್ಲ" ಅಂದ.

ಈಗ ನನ್ನ ತಪ್ಪೊಪ್ಪಿಗೆ. ನಾನು ಹೊಟ್ಟೆಪಾಡಿಗೆ ಬರೆಯೋದು ಇಂಥ ಸ್ಟೀರಿಂಗುಗಳ ಸಾಫ್ಟ್‌ವೇರ್. ಬೆಂಗಳೂರಿನಲ್ಲಿ ಕೂತು. ಆ ಕಾರಿನದಲ್ಲ, ಬೇರೆಯದ್ದು. ಆದರೆ ಕೆಲಸ ಅದೇ. ಹಾಗಾಗಿ ಮಾವನ ಮಾತು ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಯಾಕೆ ಅಂತ ಹೇಳ್ತೀನಿ.

ಮೊದಲು ಮಾವ ಹೇಳಿದ್ದು ಎಷ್ಟು ನಿಜ ಅಂತ ನೋಡೋಣ. ಸ್ಟೀರಿಂಗ್ ತಿರುಗಿಸಿ ಕೈ ಸಡಿಲ ಬಿಟ್ಟರೆ ಅದು ತಾನಾಗೇ ನೇರಕ್ಕೆ ಬರುತ್ತಲ್ಲ, ಆ ಬಲ ಎರಡು ಕಡೆಯಿಂದ ಬರುತ್ತೆ. ಒಂದು, ಮುಂದಿನ ಗಾಲಿಯ ತಿರುಗು ಅಕ್ಷವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿರ್ತಾರೆ (ಸೈಕಲ್ಲಿನ ಮುಂದಿನ ಫೋರ್ಕ್ ನೆನಪು ಮಾಡ್ಕೊಳ್ಳಿ). ಇದಕ್ಕೆ ಕ್ಯಾಸ್ಟರ್ ಅಂತಾರೆ. ಎರಡನೆಯದು ಟೈರಿನದು. ಟೈರು ನೆಲಕ್ಕೆ ತಾಗೋ ಜಾಗ ಒಂದು ಅಂಗೈಯಷ್ಟು. ತಿರುವಿನಲ್ಲಿ ಪಕ್ಕದ ಬಲ ಆ ಅಂಗೈಯ ನಡುವಿನಲ್ಲಿ ಬೀಳದೆ ಸ್ವಲ್ಪ ಹಿಂದೆ ಬೀಳುತ್ತೆ, ಗಾಲಿಯನ್ನು ನೇರಕ್ಕೆ ಎಳೆಯುತ್ತೆ. ಹಿಡಿತ ಮುಗಿಯುತ್ತಾ ಬಂದಾಗ ಈ ಅಂಗೈಯ ಹಿಂಭಾಗ ಮೊದಲು ಜಾರಲು ಶುರುವಾಗುತ್ತೆ. ಬಲದ ಬಿಂದು ಮುಂದಕ್ಕೆ ಸರಿಯುತ್ತೆ. ನೇರಕ್ಕೆ ಎಳೆಯೋ ಶಕ್ತಿ ಕುಸಿಯುತ್ತೆ. ಸ್ವಾರಸ್ಯ ಏನಂದ್ರೆ, ಟೈರಿನ ಹಿಡಿತ ಪೂರ್ತಿ ಮುಗಿಯುವ ಮೊದಲೇ ಈ ಕುಸಿತ ಆಗುತ್ತೆ. ಅಂದ್ರೆ ಗಾಡಿ ಜಾರುವ ಮುಂಚೆ ಕೈಗೆ ಒಂದು ಸಣ್ಣ ಎಚ್ಚರಿಕೆ.

"ಕೈ ಹಗರ ಆಗೂದು" ಅಂದ್ರೆ ಇದೇ. ಮಾವ ಪುಸ್ತಕ ಓದಿಲ್ಲ, ನಾನು ಓದಿದ್ದೆ. ಆದರೆ ಅವತ್ತು ಅದು ಉಪಯೋಗಕ್ಕೆ ಬಂದದ್ದು ಯಾರಿಗೆ?

ನೇಗಿಲು ಹೊಡೆದವರಿಗೆ ಇದು ಹೊಸದಲ್ಲ. ರಂಟೆಯ ಮೇಳಿ ಹಿಡಿದ ಕೈಗೆ ಕೆಳಗೆ ಕಲ್ಲಿದೆಯೋ, ಹಸಿ ಇದೆಯೋ, ಗರಿಕೆ ಬೇರಿದೆಯೋ ಗೊತ್ತಾಗುತ್ತೆ. ಕಣ್ಣಿಗೆ ಕಾಣೋದಿಲ್ಲ, ಮೇಳಿ ಹೇಳುತ್ತೆ. ಆ ಮೇಳಿಗೆ ಯಾರಾದ್ರೂ ದಪ್ಪ ಹಾಸಿಗೆ ಸುತ್ತಿ "ಇನ್ನು ಮೇಲೆ ಕೈಗೆ ಗುಳ್ಳೆ ಏಳಲ್ಲ, ಲಕ್ಸುರಿ" ಅಂದ್ರೆ? ನಾವು ಕಾರುಗಳಿಗೆ ಮಾಡಿರೋದು ಅದನ್ನೇ.

ಯಾವಾಗಿಂದ ಹೀಗಾಯ್ತು? ಮೊದಲು ಎಣ್ಣೆಯ ಒತ್ತಡದ ಹೈಡ್ರಾಲಿಕ್ ಸ್ಟೀರಿಂಗ್ ಇತ್ತು. ಸ್ಟೀರಿಂಗ್ ಕಂಬದ ಕೆಳಗೆ ಪೆನ್ಸಿಲ್ಲಿನಂಥ ಒಂದು ಉಕ್ಕಿನ ಕಡ್ಡಿ. ನೀವು ತಿರುಗಿಸಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತೆ, ಎಣ್ಣೆಯ ವಾಲ್ವ್ ತೆರೆಯುತ್ತೆ, ಎಣ್ಣೆ ಗಾಲಿಯನ್ನು ತಳ್ಳುತ್ತೆ. ತೊಂದರೆ ಏನಂದ್ರೆ ಪಂಪು ಎಂಜಿನ್ನಿಗೆ ಬೆಲ್ಟಿನಿಂದ ಕಟ್ಟಿದ್ದು. ನೀವು ನೇರ ಹೋಗ್ತಿದ್ರೂ ಅದು ಇಂಧನ ತಿಂತಾನೇ ಇರುತ್ತೆ. ವಿದ್ಯುತ್ ಸ್ಟೀರಿಂಗಿನಲ್ಲಿ, ಅಂದ್ರೆ ಇಪಿಎಸ್‌ನಲ್ಲಿ, ಆ ಕಡ್ಡಿಯ ತಿರುಚನ್ನು ಸೆನ್ಸರ್ ಅಳೆಯುತ್ತೆ, ಕಂಪ್ಯೂಟರ್ ಲೆಕ್ಕ ಹಾಕುತ್ತೆ, ಮೋಟರ್ ತಳ್ಳುತ್ತೆ. ಬೇಕಾದಾಗ ಮಾತ್ರ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಅನ್ನೋ ಪುಟ್ಟ ಕಾರಿಗೆ ಇದು ಬಂತು. 1990ರಲ್ಲಿ ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರಿನ ಆಟೊಮ್ಯಾಟಿಕ್ ಮಾದರಿಗೆ ಹಾಕಿತು. ಆಮೇಲೆ ಇಂಧನದ ನಿಯಮಗಳು ಬಿಗಿಯಾದ ಹಾಗೆ ದೊಡ್ಡ ಕಾರುಗಳಿಗೂ ಹಬ್ಬಿತು.

ದೊಡ್ಡ ಕಾರಿನ ಕಥೆಗೆ ಒಳ್ಳೆ ಉದಾಹರಣೆ ಬಿಎಂಡಬ್ಲ್ಯು 5 ಸೀರೀಸ್. 1995ರಲ್ಲಿ ಬಂದ ಇ39 ಅನ್ನೋ ಪೀಳಿಗೆಯ ಆರು ಸಿಲಿಂಡರ್ ಕಾರಿನ ಸ್ಟೀರಿಂಗನ್ನು ಕಾರು ಪತ್ರಕರ್ತರು ಇವತ್ತಿಗೂ ನೆನಪಿಸಿಕೊಳ್ತಾರೆ. 2010ರ ಎಫ್10 ಪೀಳಿಗೆಗೆ ವಿದ್ಯುತ್ ಸ್ಟೀರಿಂಗ್ ಬಂತು, "ಮರಗಟ್ಟಿದೆ" ಅನ್ನೋ ದೂರೂ ಬಂತು. ಗಮನಿಸಬೇಕಾದ್ದು ಇದು: ಮರು ವರ್ಷ, 2011ರಲ್ಲಿ, ಅದೇ ಎಫ್10ರ ಮೇಲೆ ಕಟ್ಟಿದ ಎಂ5 ಬಂದಾಗ ಅದರಲ್ಲಿ ಹಳೆಯ ಹೈಡ್ರಾಲಿಕ್ಕನ್ನೇ ಉಳಿಸಿಕೊಂಡಿದ್ದರು. ತಮ್ಮ ಅತಿ ವೇಗದ ಸೆಡಾನಿಗೆ ಹೊಸದು ಇನ್ನೂ ಒಗ್ಗಿಲ್ಲ ಅಂತ ಮಾಡಿದವರಿಗೇ ಅನ್ನಿಸಿರಬೇಕು. ಅದರ ಮುಂದಿನ ಎಂ5ಗೆ ಇಪಿಎಸ್ ಬಂತು. ಪೋರ್ಷೆ 911 ಕೂಡ 2011ರಲ್ಲಿ ಇಪಿಎಸ್‌ಗೆ ಹೋದಾಗ ಅಭಿಮಾನಿಗಳು ಬೊಬ್ಬೆ ಹಾಕಿದ್ದರು. ಆಮೇಲಿನ ವರ್ಷಗಳಲ್ಲಿ ಅದು ಎಷ್ಟೋ ಸುಧಾರಿಸಿತು ಅಂತ ಅವರೇ ಒಪ್ಪಿಕೊಂಡರು.

ಹಾಗಾಗಿ "ಹಳೇ ಕಾಲವೇ ಚೆನ್ನ, ಹೈಡ್ರಾಲಿಕ್ ವಾಪಸ್ ತನ್ನಿ" ಅಂತ ನಾನು ಹೇಳ್ತಿಲ್ಲ. ಹೇಳಿದ್ರೆ ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಂಡ ಹಾಗೆ :-) ಇಂಧನ ಉಳಿತಾಯ ನಿಜ, ಪಾರ್ಕಿಂಗ್ ಸುಲಭ ನಿಜ. ನನ್ನ ವಾದ ಬೇರೆ. ಮೋಟರ್ ತಪ್ಪಲ್ಲ. ನಾವು ಅದಕ್ಕೆ ಏನು ಹೇಳಿಕೊಟ್ಟಿದ್ದೀವಿ ಅನ್ನೋದು ತಪ್ಪು.

ಮೊದಲ ತಪ್ಪು: ತೂಕವನ್ನೇ ಫೀಲ್ ಅಂದುಕೊಂಡಿರೋದು. ಸ್ಪೋರ್ಟ್ ಬಟನ್ ಒತ್ತಿ ನೋಡಿ. ಬಹಳಷ್ಟು ಕಾರುಗಳಲ್ಲಿ ಆಗೋದು ಒಂದೇ, ಮೋಟರ್ ಸಹಾಯ ಕಮ್ಮಿ ಮಾಡುತ್ತೆ, ಸ್ಟೀರಿಂಗ್ ಭಾರ ಆಗುತ್ತೆ. ಮಾತಿಲ್ಲದ ಸ್ಟೀರಿಂಗ್ ಈಗ ಭಾರವಾದ ಮಾತಿಲ್ಲದ ಸ್ಟೀರಿಂಗ್! ಸಪ್ಪೆ ಸಾರಿಗೆ ಖಾರದಪುಡಿ ಸುರಿದ ಹಾಗೆ. ನಾಲಿಗೆ ಉರಿಯುತ್ತೆ, ರುಚಿ ಬರಲ್ಲ. ಫೀಲ್ ಅಂದ್ರೆ ತೂಕ ಎಷ್ಟಿದೆ ಅನ್ನೋದಲ್ಲ. ನೆಲ ಬದಲಾದಾಗ ತೂಕ ಬದಲಾಗುತ್ತಾ ಅನ್ನೋದು.

ಎರಡನೆಯದು: ಯಂತ್ರದ ಸೋಮಾರಿತನವನ್ನು ಸಾಫ್ಟ್‌ವೇರಿನಿಂದ ಮುಚ್ಚೋದು. ಸ್ಟೀರಿಂಗ್ ಒಂದು ಸುತ್ತು ತಿರುಗಿದರೆ ಸಹಾಯದ ಮೋಟರ್ ಸಾಮಾನ್ಯವಾಗಿ ಇಪ್ಪತ್ತು ಸುತ್ತಿನ ಆಸುಪಾಸು ತಿರುಗುತ್ತೆ. ಮೋಟರಿನ ಜಡತ್ವ ಕೈಗೆ ತಟ್ಟೋದು ಈ ಅನುಪಾತದ ವರ್ಗದಷ್ಟು, ಅಂದ್ರೆ 400 ಪಟ್ಟು. ಅದರ ಮೇಲೆ ಗೇರಿನ ಘರ್ಷಣೆ. ನೆಲದಿಂದ ಬರೋ ಸಣ್ಣ ಪಿಸುಮಾತು ಈ ಗೋಡೆಯನ್ನು ದಾಟಿ ಕೈಗೆ ಬರಬೇಕು. ಆದ್ದರಿಂದ ಕೆಲಸ ಕಬ್ಬಿಣದಿಂದಲೇ ಶುರು ಆಗಬೇಕು. ಮೋಟರನ್ನು ಡ್ರೈವರಿನ ಮೊಣಕಾಲ ಹತ್ತಿರದ ಕಂಬದ ಮೇಲೆ ಇಡೋ ಬದಲು ಕೆಳಗೆ ಗಾಲಿಗಳ ನಡುವಿನ ರ‍್ಯಾಕಿನ ಮೇಲೆ ಇಡೋದು, ತಿರುಚು ಕಡ್ಡಿ ಬಿಗಿ ಇರೋದು, ರ‍್ಯಾಕನ್ನು ಚಾಸಿಗೆ ಮೆತ್ತನೆ ರಬ್ಬರಿಲ್ಲದೆ ಗಟ್ಟಿಯಾಗಿ ಕಟ್ಟೋದು, ಕ್ಯಾಸ್ಟರ್ ಸಾಕಷ್ಟು ಕೊಡೋದು, ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ಕೀಲಿನಲ್ಲೂ ಘರ್ಷಣೆ ಇಳಿಸೋದು. ಒಳ್ಳೆ ಕಾರುಗಳು ಇದನ್ನು ಮಾಡ್ತವೆ. ಇದು ಆಗದಿದ್ದರೆ ನಾನು ಎಷ್ಟು ಕೋಡ್ ಬರೆದರೂ ಕಿವುಡನ ಮುಂದೆ ಕಿನ್ನರಿ.

ಮೂರನೆಯದು ನನ್ನದು. ನನ್ನ ಕೈಯಾರೆ ಮಾಡಿದ್ದು.

ಎರಡು ವರ್ಷದ ಹಿಂದೆ ನನ್ನ ಮೇಜಿಗೆ ಒಂದು ಟಿಕೆಟ್ ಬಂತು. "ನೂರರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತೆ, ಗ್ರಾಹಕರ ದೂರು." ಲೆಕ್ಕ ಸರಳ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಇಂಥ ಕಾರಿನ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ. ಅಂದ್ರೆ ಗಾಲಿ ಸೆಕೆಂಡಿಗೆ ಸುಮಾರು 13 ಸಲ ತಿರುಗುತ್ತೆ. ಗಾಲಿಯ ಬ್ಯಾಲೆನ್ಸ್ ಸ್ವಲ್ಪ ತಪ್ಪಿದ್ದರೆ ಅಷ್ಟೇ ಸಲ ಸ್ಟೀರಿಂಗ್ ನಡುಗುತ್ತೆ. ನಾನು ಏನು ಮಾಡಿದೆ? ಆ ಪಟ್ಟಿಯ ಸುತ್ತಮುತ್ತ ಇರೋದನ್ನೆಲ್ಲ ಅಗಲವಾಗಿ ಕತ್ತರಿಸಿ ಹಾಕಿದೆ. ಜೊತೆಗೆ, ಕೈ ಬಿಟ್ಟಾಗ ಸ್ಟೀರಿಂಗ್ ಚೆಂದವಾಗಿ ನೇರಕ್ಕೆ ಬರಲಿ ಅಂತ ಮೋಟರಿನಿಂದಲೇ ವಾಪಸ್ ಎಳೆಯೋ ಬಲ ಜಾಸ್ತಿ ಮಾಡಿದೆ. ನಡುಕ ಹೋಯ್ತು. ಟಿಕೆಟ್ ಮುಚ್ಚಿತು. "ಗುಡ್ ಜಾಬ್" ಅಂತ ಮೇಲ್ ಬಂತು.

ಮುಂಡರಗಿ ರಸ್ತೆಯಲ್ಲಿ ಕೂತಾಗ ಅರ್ಥ ಆಗಿದ್ದು, ನಾನು ನಡುಕದ ಜೊತೆ ನೆಲವನ್ನೂ ಕತ್ತರಿಸಿ ಹಾಕಿದ್ದೆ. ಟೈರಿನ ಬಲ ಕುಸಿದಾಗಲೂ ಮೋಟರ್ ತನ್ನ ಸುಳ್ಳು ಬಲದಿಂದ ಸ್ಟೀರಿಂಗನ್ನು ನೇರಕ್ಕೆ ಎಳೀತಾ ಇದ್ದರೆ ಕೈ ಹಗುರ ಆಗೋದಾದ್ರೂ ಹೇಗೆ? ಎಲ್ಲಾ ಸರಿ ಇದೆ ಅಂತ ಅದು ಹೇಳ್ತಾನೇ ಇರುತ್ತೆ. ಕೊನೇ ಕ್ಷಣದವರೆಗೂ!

ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಗಾಲಿಯ ವೇಗ ಎಷ್ಟು ಅಂತ ಎಬಿಎಸ್ ಸೆನ್ಸರಿಗೆ ಪ್ರತಿ ಕ್ಷಣ ಗೊತ್ತು. ಆ ವೇಗದ ಬೆನ್ನು ಹತ್ತಿ, ಗಾಲಿಯ ಸುತ್ತಿನ ನಡುಕ ಒಂದನ್ನೇ ಸೂಜಿಯಲ್ಲಿ ಮುಳ್ಳು ತೆಗೆದ ಹಾಗೆ ತೆಗೆಯೋ ಫಿಲ್ಟರ್ ಬರೆಯಬಹುದು. ಉಳಿದದ್ದು ಕೈಗೆ ಬರಲಿ. ರ‍್ಯಾಕಿನ ಮೇಲೆ ನಿಜವಾಗಿ ಎಷ್ಟು ಬಲ ಬರ್ತಿದೆ ಅಂತ ಮೋಟರಿನ ಕರೆಂಟು, ತಿರುಚು ಸೆನ್ಸರ್ ನೋಡಿ ಅಂದಾಜು ಮಾಡಬಹುದು, ಆ ಬಲ ಕುಸಿದಾಗ ವಾಪಸ್ ಎಳೆಯೋದನ್ನೂ ಇಳಿಸಬಹುದು. ಇದು ಬ್ರಹ್ಮವಿದ್ಯೆ ಅಲ್ಲ, ತಿಳಿದವರು ಮಾಡ್ತಾನೇ ಇದ್ದಾರೆ. ಕೆಲಸ ಜಾಸ್ತಿ, ಪರೀಕ್ಷೆ ಜಾಸ್ತಿ ಅಷ್ಟೇ. ಅಗಲವಾಗಿ ಕತ್ತರಿಸೋದು ಅರ್ಧ ದಿನದ ಕೆಲಸ, ಸೂಜಿ ಹಿಡಿಯೋದು ತಿಂಗಳುಗಟ್ಟಲೆ ಕೆಲಸ. ನಾನು ಅರ್ಧ ದಿನದ್ದು ಮಾಡಿದ್ದೆ.

"ಇಎಸ್‌ಪಿ ಇದೆಯಲ್ಲ, ಅದೇ ಉಳಿಸಿತಲ್ಲ, ಮತ್ತೆ ಫೀಲ್ ಯಾಕೆ?" ಅಂತ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಉಳಿಸಿತು, ನಿಜ. ಆದರೆ ಇಎಸ್‌ಪಿ ಕೆಲಸ ಶುರು ಮಾಡೋದು ಗಾಡಿ ಹೇಳಿದ ಕಡೆ ಹೋಗ್ತಿಲ್ಲ ಅಂತ ಗೊತ್ತಾದ ಮೇಲೆ. ಇರೋ ಹಿಡಿತವನ್ನು ಅದು ಹಂಚಬಹುದು, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಅವತ್ತು ಹತ್ತು ಕಿಲೋಮೀಟರ್ ವೇಗ ಜಾಸ್ತಿ ಇದ್ದಿದ್ರೆ ದೀಪ ಮಿನುಗ್ತಾ ಇರುವಾಗಲೇ ನಾವು ಕುರಿಗಳ ಮೇಲೆ ಹೋಗಿರ್ತಿದ್ವಿ. ಕಾಲು ತೆಗೆಯಬೇಕಾದ್ದು ಅದಕ್ಕಿಂತ ಮೊದಲು. ಅದನ್ನು ಹೇಳಬೇಕಾದ್ದು ಸ್ಟೀರಿಂಗು.

ಇನ್ನೊಂದು ವಿಷಯ ಇದೆ, ಅದು ನಮ್ಮ ದೇಶದ್ದೇ. ಇಲ್ಲಿ ದೊಡ್ಡ ಕಾರು ಕೊಳ್ಳುವವರಲ್ಲಿ ಎಷ್ಟೋ ಜನ ಹಿಂದಿನ ಸೀಟಿನಲ್ಲಿ ಕೂರ್ತಾರೆ. ಮರ್ಸಿಡಿಸ್ ಇ-ಕ್ಲಾಸ್ 2017ರಿಂದ ಇಲ್ಲಿ ಹಿಂದಿನ ಸೀಟಿಗೆ ಜಾಗ ಹಿಗ್ಗಿಸಿದ ಉದ್ದ ಮಾದರಿಯಲ್ಲಿ ಬರ್ತಿದೆ. 2024ರಲ್ಲಿ 5 ಸೀರೀಸ್ ಕೂಡ ಹಾಗೇ ಉದ್ದ ಆಯ್ತು. ದುಡ್ಡು ಕೊಡೋರು ಹಿಂದೆ, ಸ್ಟೀರಿಂಗ್ ಹಿಡಿಯೋರು ಮುಂದೆ. ಕಾಲು ಚಾಚೋ ಜಾಗ ಎಷ್ಟು ಅಂತ ಕೇಳ್ತಾರೆ, ಡ್ರೈವರಣ್ಣನ ಕೈಗೆ ಏನು ಗೊತ್ತಾಗುತ್ತೆ ಅಂತ ಯಾರೂ ಕೇಳಲ್ಲ. ಆದರೆ ಮಳೆಗಾಲದ ರಾತ್ರಿ ಹಿಂದೆ ನಿದ್ದೆ ಹೋದ ಸಾಹುಕಾರರ ಜೀವ ಇರೋದು ಆ ಕೈಯಲ್ಲೇ. ಫೀಲ್ ಅನ್ನೋದು ವೇಗದ ಹುಚ್ಚಿರೋ ಹುಡುಗರ ಶೋಕಿ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಮತ್ತೆ ಪರೀಕ್ಷೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಓಡಿಸ್ತಾರೆ, ಸ್ವೀಡನ್ನಿನ ಆರ್ಯೆಪ್ಲೋಗ್‌ನಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಓಡಿಸ್ತಾರೆ. ನಮ್ಮಲ್ಲೂ ಇಂದೋರ್ ಹತ್ತಿರ ಪೀತಂಪುರದಲ್ಲಿ 11.3 ಕಿ.ಮೀ. ಸುತ್ತಿನ ಹೈಸ್ಪೀಡ್ ಟ್ರ್ಯಾಕ್ 2021ರಲ್ಲಿ ಶುರುವಾಯ್ತು. ಒಳ್ಳೆಯದೇ. ಆದರೆ ನಾನು ಕೆಲಸ ಮಾಡಿದ ಪರೀಕ್ಷೆ ಪಟ್ಟಿಗಳಲ್ಲಿ ಒಂದರಲ್ಲೂ ಎರಿ ಮಣ್ಣು ಇರಲಿಲ್ಲ. ನಮ್ಮ ಎರಿ ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಅದರ ಮೇಲಿನ ರಸ್ತೆ ವರ್ಷ ತುಂಬೋದರೊಳಗೆ ಅಲೆ ಅಲೆ ಆಗುತ್ತೆ. ಮಳೆಯಲ್ಲಿ ಟ್ರ್ಯಾಕ್ಟರ್ ತಂದ ಕೆಸರು ಡಾಂಬರಿನ ಬಣ್ಣಕ್ಕೇ ಇರೋದ್ರಿಂದ ಕಣ್ಣಿಗೂ ಗೊತ್ತಾಗಲ್ಲ. ಇನ್ನು ಸುಗ್ಗಿಯಲ್ಲಿ ರಸ್ತೆ ಮೇಲೇ ಹೆಸರು, ಕಡಲೆ ಹರವಿ ಒಕ್ಕಲಿ ಮಾಡ್ತಾರೆ, ಹೊಟ್ಟಿನ ಮೇಲೆ ಗಾಲಿ ಬಿದ್ದರೆ ದೇವರೇ ಗತಿ. ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಅಷ್ಟು ದೂರದಿಂದ ಹಕ್ಕಿ ಬರೋದಾದ್ರೆ ಬೆಂಗಳೂರಿಂದ ಒಂದು ಪರೀಕ್ಷೆ ಕಾರು ಶಿರಹಟ್ಟಿಗೆ ಬರೋದು ಕಷ್ಟವಾ? ಬೆನ್ಜ್ ಕಂಪನಿಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿ 1996ರಿಂದ ಇದೆ, ಜಗತ್ತಿನ ಎಷ್ಟೋ ಕಾರುಗಳ ಕೋಡು ನಮ್ಮೂರಿನ ಹುಡುಗರೇ ಬರೀತಾರೆ. ಆ ಹುಡುಗರಿಗೆ ಈ ನೆಲ ಗೊತ್ತು. ಕೋಡಿಗೆ ಮಾತ್ರ ಗೊತ್ತಿಲ್ಲ.

ಈಗಲೇ ಇದನ್ನು ಹೇಳಬೇಕಾದ ಅವಸರಕ್ಕೆ ಕಾರಣ ಇದೆ. ಸ್ಟೀರಿಂಗಿಗೂ ಗಾಲಿಗೂ ನಡುವೆ ಕಬ್ಬಿಣದ ಸಂಬಂಧವನ್ನೇ ತೆಗೆದುಹಾಕುವ ಸ್ಟೀರ್-ಬೈ-ವೈರ್ ಬರ್ತಾ ಇದೆ. 2013ರ ಇನ್ಫಿನಿಟಿ ಕ್ಯೂ50 ಅದರ ಮೊದಲ ಹೆಜ್ಜೆ, ಅದರಲ್ಲಿ ಕಷ್ಟಕಾಲಕ್ಕೆ ಅಂತ ಹಳೇ ಕಂಬವನ್ನೂ ಇಟ್ಟಿದ್ದರು. ಟೆಸ್ಲಾದ ಸೈಬರ್‌ಟ್ರಕ್ಕಿನಲ್ಲಿ ಆ ಕಂಬವೂ ಇಲ್ಲ. ಅಲ್ಲಿ ಕೈಗೆ ತಾಗೋ ಪ್ರತಿಯೊಂದೂ ನಮ್ಮಂಥ ಒಬ್ಬ ಎಂಜಿನಿಯರ್ ಬರೆದದ್ದು. ಏನು ಹೇಳಬೇಕು, ಏನು ಮುಚ್ಚಿಡಬೇಕು ಅಂತ ನಾವೇ ತೀರ್ಮಾನ ಮಾಡ್ತೀವಿ. ಈಗ ಸುಳ್ಳು ಹೇಳೋದು ರೂಢಿಯಾದ್ರೆ ಆಗ ನಿಜ ಹೇಳೋಕೆ ನೆಲವೇ ಉಳಿದಿರಲ್ಲ.

ನಿಮ್ಮ ಕೈಲಾಗೋದು ಇಷ್ಟು. ಕಾರು ದೊಡ್ಡದೋ ಸಣ್ಣದೋ, ಟೈರಿನ ಗಾಳಿ ಬಾಗಿಲ ಹತ್ತಿರ ಬರೆದಿರೋ ಅಳತೆಗೇ ಇರಲಿ. ಗುಂಡಿಗೆ ಜೋರಾಗಿ ಬಿದ್ದಾಗಲೆಲ್ಲ ಅಲೈನ್‌ಮೆಂಟ್ ನೋಡಿಸಿ. ಸವೆದ ಟೈರು ಬದಲಿಸುವಾಗ ಕಾಸಿಗೆ ಜೋತು ಬೀಳಬೇಡಿ. ರಿಮ್ಮು ದೊಡ್ಡದು ಮಾಡಿ ರಬ್ಬರ್ ಪಟ್ಟಿ ತೆಳ್ಳಗೆ ಮಾಡೋ ಶೋಕಿ ಬೇಡ, ನಮ್ಮ ರಸ್ತೆಗೆ ಅದು ಆಗಿ ಬರಲ್ಲ. ಕೊಳ್ಳೋ ಮುಂಚೆ ಟೆಸ್ಟ್ ಡ್ರೈವ್‌ನಲ್ಲಿ ಮ್ಯೂಸಿಕ್ ಸಿಸ್ಟಮ್ ಆಮೇಲೆ ನೋಡಿ, ಮೊದಲು ಒಂದು ಒರಟು ರಸ್ತೆಗೆ ಹೋಗಿ ನಿಧಾನಕ್ಕೆ ಒಂದು ತಿರುವು ತಗೊಳ್ಳಿ. ನುಣ್ಣಗಿನ ಡಾಂಬರಿನಿಂದ ಒರಟಿಗೆ ಬಂದಾಗ ಕೈಗೆ ಏನಾದ್ರೂ ಬದಲಾಗುತ್ತಾ? ಆಗದಿದ್ರೆ ಸೇಲ್ಸ್‌ನವರಿಗೆ ಅದನ್ನು ಹೇಳಿ. ದೂರು ಬಂದರೆ ಮಾತ್ರ ನಮ್ಮ ಮೇಜಿಗೆ ಟಿಕೆಟ್ ಬರುತ್ತೆ. "ನಡುಗುತ್ತೆ" ಅನ್ನೋ ದೂರು ನೂರಾರು ನೋಡಿದ್ದೀನಿ. "ಏನೂ ಹೇಳಲ್ಲ" ಅನ್ನೋ ದೂರು ಇವತ್ತಿನವರೆಗೆ ಒಂದೂ ನೋಡಿಲ್ಲ.

ಊರಿಂದ ವಾಪಸ್ ಬಂದ ಮೇಲೆ ಆ ಹಳೇ ಟಿಕೆಟ್ಟನ್ನು ಮತ್ತೆ ತೆಗೆದೆ. ಮೀಟಿಂಗಿನಲ್ಲಿ ಕುರಿ ಹಿಂಡಿನ ಕಥೆ ಹೇಳಿದಾಗ ಎಲ್ಲರೂ ನಕ್ಕರು. "ಗ್ರಾಹಕರು ಕೇಳಿಲ್ಲವಲ್ಲ" ಅಂದರು. ಕೇಳಿಲ್ಲ, ಹೌದು. ಒಂದು ಪರೀಕ್ಷೆ ಕಾರಿನಲ್ಲಿ ಸೂಜಿ ಫಿಲ್ಟರ್ ಹಾಕಿ ನೋಡೋಕೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಮುಂದೇನಾಗುತ್ತೋ.

ಮಾವನಿಗೆ ಫೋನ್ ಮಾಡಿ ಹೇಳಿದೆ. "ಮಳಿಗಾಲದಾಗ ತಗೊಂಡು ಬಾ, ನೋಡೂಣು" ಅಂದ.

ನಿಮಗೂ ಇಂಥ ಅನುಭವ ಆಗಿದ್ರೆ ಬರೀರಿ. ಕಾರೇ ಆಗಬೇಕಂತಿಲ್ಲ. ಟ್ರ್ಯಾಕ್ಟರು, ಟಂಟಂ, ಸೈಕಲ್ಲು, ಚಕ್ಕಡಿ.... ನಿಮ್ಮ ಕೈಗೆ ನೆಲ ಮಾತಾಡಿದ್ದು ಯಾವುದಾದ್ರೂ ಸರಿ.